ತೂಕ ಹೆಚ್ಚಿದ ಸೀರೆ

ಕೂಸು ಆ ಪಾರ್ಸೆಲ್ಲನ್ನೇ ಯಾಕೆ ನೋಡುತ್ತದೆ ಎಂಬ ಯೋಚನೆ ಪ್ರಮೋದಾಳನ್ನು ಬಿಡುತ್ತಿರಲಿಲ್ಲ. ಹಾಲು ಕಾಯಿಸುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ಮಂಚದ ಮೇಲೆ ಗಿಲಕಿ, ಮರದ ಬೊಂಬೆ, ಖಾಲಿ ಪೌಡರ್ ಡಬ್ಬ ಏನಿಟ್ಟರೂ ಸ್ನೇಹಾ ಅದನ್ನು ಪಕ್ಕಕ್ಕೆ ತಳ್ಳಿ ಕೆಳಗಿಳಿಯಲು ಹಟ ಮಾಡುತ್ತಿದ್ದಳು. ಇಳಿಸಿದರೆ ಅಂಬೆಗಾಲಿನಲ್ಲಿ ಸೀದಾ ಪಡಸಾಲೆಗೆ. ಅಲ್ಲಿ ಬೀದಿಬಾಗಿಲ ಪಕ್ಕದ ಮೂಲೆಯಲ್ಲಿ, ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ್ದ ಪಾರ್ಸೆಲ್ಲಿನ ಮುಂದೆ ಕೂತು, ಯಾರೋ ಮಾತಾಡಿಸುತ್ತಿರುವ ಹಾಗೆ ತಲೆ ಓರೆ ಮಾಡಿ ಕೇಳುತ್ತಿದ್ದಳು. ಆಮೇಲೆ ನಗುತ್ತಿದ್ದಳು. ಬರೀ ನೋಡಿದ್ದರೆ ಪ್ರಮೋದಾ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹತ್ತು ತಿಂಗಳ ಮಗು ಗೋಡೆಯನ್ನೂ ನೋಡುತ್ತದೆ. ಆದರೆ ನಗಬೇಕಾದರೆ ಎದುರಿಗೆ ಯಾರಾದರೂ ಇರಬೇಕಲ್ಲವೇ?

ಪಾರ್ಸೆಲ್ಲು ವಾಪಸ್ಸು ಬಂದಾಗಿನಿಂದ ಮಧ್ಯಾಹ್ನವಾದರೆ ಮಗುವಿನ ಮೈ ಬಿಸಿಯಾಗುತ್ತಿತ್ತು. ಸಂಜೆ ಹೊತ್ತಿಗೆ ತಾನೇ ಇಳಿಯುತ್ತಿತ್ತು. ಡಾಕ್ಟರು ಹಲ್ಲು ಬರುತ್ತಿದೆ ಎಂದರು. ಪ್ರಮೋದಾ ಬೆರಳಿಟ್ಟು ವಸಡು ಸವರಿ ನೋಡಿದಳು. ಹಲ್ಲಿನ ಸುಳಿವೇ ಇರಲಿಲ್ಲ.

ಅವಳು ಮಲ್ಲೇಶ್ವರದಲ್ಲಿ ಓದಿ ಬೆಳೆದವಳು. ಬಿ.ಕಾಂ. ಮುಗಿಸಿ ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದಿದ್ದಳು. ಗಂಡ ಅಂಬರೀಶ, ಅತ್ತೆ ರುಕ್ಮಿಣಮ್ಮ, ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು. ಮಾವ ದೊಡ್ಡಮುನಿಯಪ್ಪನವರು ಅವಳು ಬರುವ ಮೊದಲೇ ತೀರಿಕೊಂಡಿದ್ದರು. ಮೊದಮೊದಲು ಆ ಖಟಖಟಕ್ಕೆ ತಲೆ ಸಿಡಿಯುತ್ತಿತ್ತು. ಈಗ ಕರೆಂಟು ಹೋಗಿ ಮಗ್ಗಗಳು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಬರೀ ಅವರ ಮನೆಯ ಸದ್ದಲ್ಲ, ಇಡೀ ಬೀದಿಯ ಸದ್ದು ಒಂದೇ ಏಟಿಗೆ ನಿಲ್ಲುತ್ತಿತ್ತು. ಸದ್ದಿನಲ್ಲೇ ಹುಟ್ಟಿ ಸದ್ದಿನಲ್ಲೇ ಮಲಗುವ ಸ್ನೇಹಾ ಆ ನಿಶ್ಶಬ್ದಕ್ಕೆ ಫಕ್ಕನೆ ಎಚ್ಚರಗೊಂಡು ಕಣ್ಣು ಬಿಡುತ್ತಿದ್ದಳು.

ಬಾಣಂತನ ಮುಗಿದ ಮೇಲೆ ಕೈ ಕಟ್ಟಿ ಕೂರಲಾರದೆ ಪ್ರಮೋದಾ ಒಂದು ಕೆಲಸ ಶುರುಮಾಡಿದ್ದಳು. ಅಟ್ಟದ ಮೇಲಿನ ಟ್ರಂಕಿನಲ್ಲಿ ಮಾವ ಕೈಮಗ್ಗದಲ್ಲಿ ನೇಯ್ದ ಹಳೆಯ ರೇಷ್ಮೆ ಸೀರೆಗಳಿದ್ದವು. ಒಂದರ ಹಾಗೆ ಇನ್ನೊಂದಿಲ್ಲ. ಮಾರಾಟವಾಗದೆ ಉಳಿದ ಮಾದರಿಗಳಿರಬೇಕು ಎಂದುಕೊಂಡಳು. ಮಹಿಳೆಯರ ಒಂದು ಮಾಸಪತ್ರಿಕೆಗೆ ನಾಲ್ಕು ಸಾಲಿನ ಜಾಹೀರಾತು ಕೊಟ್ಟಳು. ತಿಂಗಳಿಗೆ ಒಂದೇ ಸೀರೆ, ಇಂಥ ಬಣ್ಣ, ಇಂಥ ಅಂಚು, ನಿಮ್ಮ ಬೆಲೆ ಕಾರ್ಡಿನಲ್ಲಿ ಬರೆಯಿರಿ, ಹೆಚ್ಚು ಬರೆದವರಿಗೆ ವಿ.ಪಿ. ಮೂಲಕ, ಪೋಸ್ಟ್‌ಮ್ಯಾನ್ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳುವಂತೆ, ಕಳಿಸಲಾಗುವುದು, ಅಂಚೆ ವೆಚ್ಚ ಕೊಳ್ಳುವವರದು. ಅಂಬರೀಶ ಅದಕ್ಕೆ ಕಾರ್ಡು ಹರಾಜು ಎಂದು ಹೆಸರಿಟ್ಟು ನಗಾಡಿದ. ಕಾರ್ಡುಗಳು ಬಂದವು. ಹಿಂದೆಯೇ ಜಗಳಗಳೂ ಬಂದವು.

ಸೀರೆಗೆ ಕೈ ಬಿಚ್ಚಿ ಬೆಲೆ ಬರೆದ ಹೆಂಗಸರೇ ಅಂಚೆ ವೆಚ್ಚ ಎಂದ ಕೂಡಲೇ ಮುಷ್ಟಿ ಬಿಗಿಹಿಡಿಯುತ್ತಿದ್ದರು. ಹಾಸನದವರೊಬ್ಬರು ಅಂಗಡಿಯಲ್ಲಿ ಸೀರೆ ಕೊಂಡರೆ ಕಾಫಿ ಕೊಡ್ತಾರೆ, ನೀವು ಬಟ್ಟೆ ಕಟ್ಟಿದ್ದಕ್ಕೂ ಕಾಸು ಕೇಳ್ತೀರಲ್ಲ ಎಂದು ಬರೆದಿದ್ದರು. ದಾವಣಗೆರೆಯವರೊಬ್ಬರು ಹೆಚ್ಚಾಗಿ ತೆತ್ತ ಅಂಚೆಯನ್ನು ಸ್ಟ್ಯಾಂಪಿನ ರೂಪದಲ್ಲಿ ವಾಪಸ್ಸು ಕೇಳಿದ್ದರು. ಪ್ರಮೋದಾ ಯಾರಿಗೂ ಸೋಲುತ್ತಿರಲಿಲ್ಲ. ಮನೆಯಲ್ಲಿ ರೇಷ್ಮೆ ತೂಗುವ ತಕ್ಕಡಿಯಿತ್ತು. ಸೀರೆ, ಕಾಗದ, ಬಟ್ಟೆ, ದಾರ ಎಲ್ಲ ಸೇರಿಸಿ ತೂಗಿ, ಅರ್ಧ ಕಿಲೋ ದಾಟದಂತೆ ನೋಡಿಕೊಂಡು, ಅಂಚೆ ಎಷ್ಟಾಗುತ್ತದೆ ಎಂದು ಮೊದಲೇ ಕಾರ್ಡು ಬರೆದುಬಿಡುತ್ತಿದ್ದಳು. ಅರ್ಧ ಕಿಲೋ ದಾಟಿದರೆ ದರವೇ ಬೇರೆ. ಬರೆದದ್ದಕ್ಕಿಂತ ಒಂದು ಪೈಸೆ ಹೆಚ್ಚಾಗಬಾರದು, ಒಂದು ಪೈಸೆ ಬಿಡಲೂ ಬಾರದು. ಅದು ಅವಳ ನಿಯಮ.

ಆ ನಿಯಮ ತಪ್ಪಿದ್ದು ಗಿಳಿಹಸಿರು ಸೀರೆಯ ವಿಷಯದಲ್ಲಿ. ಹಸಿರು ಮೈ, ಕುಂಕುಮ ಬಣ್ಣದ ಅಂಚು, ಅಂಚಿನುದ್ದಕ್ಕೂ ಸಾಲು ಹಂಸ. ಜಾಹೀರಾತಿನಲ್ಲಿ ಅಷ್ಟೇ ಇತ್ತು. ತ್ಯಾಮಗೊಂಡ್ಲಿನಿಂದ ಗಂಗಲಕ್ಷ್ಮಮ್ಮ ಎಂಬುವರ ಕಾರ್ಡು ಬಂತು. ಬೆಲೆಯ ಜಾಗದಲ್ಲಿ, ಯಾರು ಎಷ್ಟು ಬರೆದಿದ್ದರೂ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ನನ್ನದು ಎಂದಿತ್ತು. ಕೆಳಗೆ ಇನ್ನೊಂದು ಸಾಲು: ಸೆರಗಿನ ಹತ್ತಿರ ಒಂದು ಹಂಸ ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತದಲ್ಲ, ಆ ಸೀರೆ ತಾನೇ?

ಪ್ರಮೋದಾ ಸೀರೆ ಬಿಚ್ಚಿ ಬೆಳಕಿಗೆ ಹಿಡಿದಳು. ಸಾಲಾಗಿ ಮುಂದೆ ನೋಡುತ್ತ ಹೋಗುವ ಹಂಸಗಳ ನಡುವೆ, ಸೆರಗಿನ ಹತ್ತಿರ, ಒಂದೇ ಒಂದು ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು. ಟ್ರಂಕಿನಿಂದ ತೆಗೆದಾಗ ಅವಳೂ ಅದನ್ನು ಕಂಡಿರಲಿಲ್ಲ.

ಹಿಂದೆ ಯಾವುದೋ ಅಂಗಡಿಯಲ್ಲಿ ನೋಡಿರುತ್ತಾಳೆ ಬಿಡು ಎಂದು ಅಂಬರೀಶ ತಳ್ಳಿಹಾಕಿದ. ಟ್ರಂಕಿನಲ್ಲಿದ್ದ ಸೀರೆ ಅಂಗಡಿಗೆ ಯಾವಾಗ ಹೋಗಿತ್ತು ಎಂದರೆ ಪೇಪರು ಬಿಡಿಸಿಕೊಂಡು ಕೂತ. ರುಕ್ಮಿಣಮ್ಮ ಮಾತ್ರ ಯಾವೂರಿನವರು ಎಂದು ಕೇಳಿದರು. ಊರಿನ ಹೆಸರು ಕೇಳಿ ಕೈಯಲ್ಲಿದ್ದ ಅವರೆಕಾಯಿಯನ್ನು ಹಾಗೇ ಬುಟ್ಟಿಗೆ ಹಾಕಿ, ಈ ಸಲ ಪಾರ್ಸೆಲ್ಲು ತಾನು ಹೊಲಿದುಕೊಡುತ್ತೇನೆ ಎಂದರು. ಸೊಸೆಗೆ ಅಷ್ಟು ಕೆಲಸ ಉಳಿಯಿತು ಎಂದು ಖುಷಿಯೇ ಆಯಿತು. ಅವಳು ಎಂದಿನಂತೆ ತೂಗಿ, ಗಂಗಲಕ್ಷ್ಮಮ್ಮನಿಗೆ ಕಾರ್ಡು ಬರೆದು, ಸೀರೆಯನ್ನು ಅತ್ತೆಯ ಕೈಗೆ ಕೊಟ್ಟು ಮಗುವಿಗೆ ಎಣ್ಣೆ ಹಚ್ಚಲು ಹೋದಳು.

ಪೋಸ್ಟಾಫೀಸಿನ ತಕ್ಕಡಿಯಲ್ಲಿ ಅದೇ ಪಾರ್ಸೆಲ್ಲು ಅರ್ಧ ಕಿಲೋ ದಾಟಿ ಎಷ್ಟೋ ಮುಂದೆ ಹೋಗಿ ನಿಂತಿತು. ಪ್ರಮೋದಾ ಇನ್ನೊಮ್ಮೆ ತೂಗಿ ಎಂದಳು. ತೂಗಿದರು, ಅಷ್ಟೇ. ನಿಮ್ಮ ತಕ್ಕಡಿ ಸರಿಯಿಲ್ಲ ಎಂದು ಅವಳು, ಇದು ಸರ್ಕಾರದ ತಕ್ಕಡಿ ಕಣಮ್ಮ ಎಂದು ಕೌಂಟರಿನವನು. ಹಿಂದೆ ನಿಂತವರು ಗೊಣಗತೊಡಗಿದರು, ಕಂಕುಳಲ್ಲಿ ಮಗು ಅಳುತ್ತಿತ್ತು. ಹೆಚ್ಚಾದ ಅಂಚೆಯನ್ನೂ ವಿ.ಪಿ.ಗೆ ಸೇರಿಸಿ ಕಳಿಸಿ ಬಂದಳು.

ಕೆಲವು ದಿನಗಳಲ್ಲೇ ತ್ಯಾಮಗೊಂಡ್ಲಿನಿಂದ ಕಾರ್ಡು ಬಂತು. ನೀವು ಬರೆದ ಅಂಚೆ ಒಂದು, ಪೋಸ್ಟ್‌ಮ್ಯಾನ್ ಕೇಳಿದ್ದು ಒಂದು, ಬಿಡಿಸಿಕೊಂಡಿಲ್ಲ, ಸರಿಮಾಡಿ ತಿಳಿಸಿ ಎಂದು. ಪ್ರಮೋದಾಗೆ ರೇಗಿತು. ಅಂಚೆ ದರ ಹತ್ತಿರಕ್ಕೂ ದೂರಕ್ಕೂ ಒಂದೇ, ತೂಕಕ್ಕೆ ತಕ್ಕಂತೆ, ಇಷ್ಟಕ್ಕೆಲ್ಲ ತಕರಾರು ಮಾಡುವವರು ಅಂಚೆಯಲ್ಲಿ ಸೀರೆ ತರಿಸಬಾರದು, ಬಸ್ಸು ಹತ್ತಿ ಬಂದು ಕೊಳ್ಳಬೇಕು ಎಂದು ಖಾರವಾಗಿಯೇ ಬರೆದಳು. ಅದಕ್ಕೆ ಉತ್ತರ ಬಂದ ದಿನವೇ ಪಾರ್ಸೆಲ್ಲೂ ಬಂತು. ಅದರ ಮೇಲೆ ಕೆಂಪು ಶಾಯಿಯಲ್ಲಿ, ವಿಳಾಸದಾರರು ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಬರೆದಿತ್ತು. ಉತ್ತರದಲ್ಲಿ ಇದ್ದದ್ದಿಷ್ಟು:

"ಸೀರೆಯ ಅಂಚೆ ಎಷ್ಟಾದರೂ ಕೊಡುತ್ತೇನೆ. ಅಕ್ಕಿಯ ಅಂಚೆ ನಾನು ಕೊಡುವಂತಿಲ್ಲ. ಅದು ನಿಮ್ಮ ಮನೆಯದು. ನಿಮ್ಮಲ್ಲೂ ಎಳೆಕೂಸಿದೆ, ತಿಳಿದು ನಡೆಯಿರಿ."

ಕೊನೆಯಲ್ಲಿ ಒಂದು ಫೋನ್ ನಂಬರು, ಪಕ್ಕದಲ್ಲಿ ಪಿ.ಪಿ., ತೆಂಗಿನಕಾಯಿ ಮಂಡಿ ಮುನಿಸ್ವಾಮಿ ಎಂದಿತ್ತು. ಅವರ ಮನೆಯಲ್ಲಿ ಫೋನಿಲ್ಲ, ಮಂಡಿಗೆ ಮಾಡಿದರೆ ಕರೆದುಕೊಡುತ್ತಾರೆ ಎಂದರ್ಥ.

ಯಾವ ಅಕ್ಕಿ? ತನಗೆ ಕೂಸಿರುವ ವಿಷಯ ಆಕೆಗೆ ಹೇಗೆ ಗೊತ್ತು? ಪ್ರಮೋದಾ ಕಾಗದ ಹಿಡಿದುಕೊಂಡು ಅಂಬರೀಶನ ಹಿಂದೆ ಹಿಂದೆ ಸುತ್ತಿದಳು. ನೀನು ಬರೆದ ಕಾರ್ಡಿಗೆ ಗ್ರೈಪ್ ವಾಟರ್ ವಾಸನೆ ಹತ್ತಿರುತ್ತೆ, ಅಷ್ಟು ಪತ್ತೇದಾರಿಕೆ ಯಾರಾದರೂ ಮಾಡ್ತಾರೆ ಎಂದು ಅವನು ನಕ್ಕ. ನೀವೇ ಒಂದು ಫೋನ್ ಮಾಡಿ ಕೇಳಿ ಎಂದರೆ, ನಿನ್ನ ಹರಾಜು, ನಿನ್ನ ಗಿರಾಕಿ, ನನಗೆ ಮಗ್ಗಕ್ಕೆ ವಾರ್ಪಿನ ನೂಲು ಹೂಡುವ ಕೆಲಸ ಬಿದ್ದಿದೆ ಎಂದು ಶೆಡ್ಡಿಗೆ ಹೋದ.

ಪಾರ್ಸೆಲ್ಲನ್ನು ಬೀರುವಿನಲ್ಲಿಡಲು ಹೊರಟಾಗ ರುಕ್ಮಿಣಮ್ಮ ಅಡ್ಡ ಬಂದರು. ವಾಪಸ್ಸು ಬಂದದ್ದನ್ನು ನಡುಮನೆಗೆ ತರಬಾರದು ಎಂದು ಅವರೇ ಅದನ್ನು ಪಡಸಾಲೆಯ ಮೂಲೆಯಲ್ಲಿ, ಒಂದು ಮಣೆಯ ಮೇಲೆ ಇಟ್ಟರು. ಮಣೆ ಯಾಕೆ ಎಂದು ಪ್ರಮೋದಾಗೆ ಕೇಳಬೇಕೆನಿಸಿತು. ಕೂರಲು ಬಂದವರಿಗೆ ಹಾಕುವ ಮಣೆ ಅದು.

ಅಲ್ಲಿಂದ ಮಗುವಿನ ನಗು ಶುರುವಾಯಿತು, ಮೈ ಬಿಸಿಯೂ ಶುರುವಾಯಿತು. ಪ್ರಮೋದಾ ಸೀರೆಯನ್ನು ಮುಂದಿನ ತಿಂಗಳ ಜಾಹೀರಾತಿಗೆ ಸೇರಿಸಿ ಬೇರೆಯವರಿಗೆ ಮಾರಿಬಿಡೋಣ ಎಂದುಕೊಂಡಳು. ಆದರೆ ಬಿಚ್ಚಲು ಕತ್ತರಿ ಹಿಡಿದು ಹೋದಾಗಲೆಲ್ಲ ಅತ್ತೆ ಎಲ್ಲಿಂದಲೋ ಬಂದು ಏನಾದರೂ ಕೆಲಸ ಹೇಳುತ್ತಿದ್ದರು. ಫೋನು ಮಾಡೋಣ ಎಂದು ನಂಬರನ್ನು ಮೂರು ಸಲ ಕೈಮೇಲೆ ಬರೆದುಕೊಂಡಳು, ಮೂರು ಸಲವೂ ಪಾತ್ರೆ ತೊಳೆಯುತ್ತ ಅದು ಅಳಿಸಿಹೋಗಲು ಬಿಟ್ಟಳು. ಆಕೆ ಮಗುವಿನ ಬಗ್ಗೆ ಇನ್ನೇನಾದರೂ ಹೇಳಿಬಿಟ್ಟರೆ? ಕೇಳಿಸಿಕೊಂಡ ಮೇಲೆ ಕೇಳಿಲ್ಲ ಎಂದು ಇರಲಾದೀತೇ?

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಅಡುಗೆಮನೆಯಲ್ಲಿದ್ದ ಪ್ರಮೋದಾಗೆ ಪಡಸಾಲೆಯಿಂದ ಸಣ್ಣ ಸದ್ದು ಕೇಳಿಸಿತು. ಸರ್ರ್ ಎಂದು, ಮೊರದಲ್ಲಿ ಏನನ್ನೋ ಮೆಲ್ಲಗೆ ಹೊರಳಿಸುವ ಹಾಗೆ. ನಿಂತಿತು. ಮತ್ತೆ ಸರ್ರ್. ಓಡಿ ಬಂದು ನೋಡಿದರೆ ಸ್ನೇಹಾ ಪಾರ್ಸೆಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಳು. ಕಣ್ಣು ತೆರೆದೇ ಇತ್ತು. ಕೈಕಾಲು ಆಡುತ್ತಿರಲಿಲ್ಲ. ಆದರೂ ಪಾರ್ಸೆಲ್ಲಿನ ಒಳಗೆ ಏನೋ ಸರಿಯುತ್ತಿತ್ತು. ಮಗುವನ್ನು ಕಿತ್ತೆತ್ತಿಕೊಂಡಳು. ಮೈ ಕಾದ ಬಾಣಲೆಯ ಹಾಗಿತ್ತು.

ಈಗ ಅವಳಿಗೆ ತಡೆಯಲಾಗಲಿಲ್ಲ. ಕತ್ತರಿ ತಂದು ಹೊಲಿಗೆಗೆ ಮೊನೆ ತೂರಿಸಿದಳು. ರುಕ್ಮಿಣಮ್ಮ ಬಂದು ಅವಳ ಮಣಿಕಟ್ಟು ಹಿಡಿದರು. ಬೈಯಲಿಲ್ಲ.

"ಬಿಚ್ಬ್ಯಾಡ ಕಣವ್ವ. ತುಂಬಿದ ಮಡ್ಲು ಅದು. ದಾರೀಲಿ ಬಿಚ್ಬಾರದು."

ಪ್ರಮೋದಾಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅತ್ತೆ ಅಕ್ಕಿ ಹಾಕಿದ್ದರು. ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ, ಅಕ್ಕಿ, ಕೊಬ್ಬರಿ ಗಿಟುಕು, ಅರಿಶಿನದ ಕೊಂಬು, ಎಲೆ ಅಡಿಕೆ, ಬೆಲ್ಲದ ಅಚ್ಚು, ಎಲ್ಲವನ್ನೂ ಸೀರೆಯ ಮಡಿಕೆಯೊಳಗೆ ಸೇರಿಸಿ ಹೊಲಿದಿದ್ದರು. ತೂಕ ಹೆಚ್ಚಿದ್ದು ಸರ್ಕಾರದ ತಕ್ಕಡಿಯಿಂದಲ್ಲ. ಅಂಚೆಯ ಚೀಲಗಳಲ್ಲಿ ಹೋಗಿ ಬಂದು ಗಂಟು ಸಡಿಲವಾಗಿರಬೇಕು. ನನಗೆ ಯಾಕೆ ಹೇಳಲಿಲ್ಲ ಎಂದು ಅವಳು ಸಿಡುಕಿದಳು. ಎಲ್ಲರೆದುರು ಮಡಿಲು ತುಂಬಲು ನನಗೆಲ್ಲಿದೆ ಅಧಿಕಾರ, ನಿಮ್ಮ ಮಾವ ಹೋದ ಮೇಲೆ ನನ್ನನ್ನು ಯಾವ ಆರತಿಗೆ ಕರೆದಿದ್ದಾರೆ ಎಂದು ಅತ್ತೆ ಮೆಲ್ಲಗೆ ಹೇಳಿದರು. ಅದಕ್ಕೆ ಕದ್ದು ತುಂಬಿದೆ ಎಂದರು.

ಯಾರಿಗಾಗಿ ಎಂದು ಕೇಳಿದ್ದಕ್ಕೆ ಅವರು ಮಗುವಿನ ಕಡೆ ನೋಡಿ ಇಲ್ಲಿ ಬೇಡವೆಂಬಂತೆ ತಲೆಯಾಡಿಸಿದರು. ಅದನ್ನು ಒಳಗೆ ಬಿಟ್ಟು ಬಾ, ಎಳೆಕೂಸಿನ ಮುಂದೆ ಆ ಹೆಸರು ಎತ್ತಬಾರದು ಎಂದರು. ಮಗುವನ್ನು ಮಂಚದ ಮೇಲೆ ದಿಂಬುಗಳ ನಡುವೆ ಕೂರಿಸಿ ಪ್ರಮೋದಾ ಬೀದಿಯ ಮೆಟ್ಟಿಲಿಗೆ ಬಂದಳು. ಒಂದು ಕಣ್ಣು ಒಳಗೇ ಇತ್ತು. ಬಿಸಿಲಿನಲ್ಲಿ ಬೀದಿ ಖಾಲಿಯಿತ್ತು. ರುಕ್ಮಿಣಮ್ಮ ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಆಚೆ ಹೋಗಿ, ಮನೆಗೆ ಬೆನ್ನು ಮಾಡಿ, ಮಾರಕ್ಕ ಎಂದರು.

ಮಾರಕ್ಕ ಅವರ ನಾದಿನಿ, ದೊಡ್ಡಮುನಿಯಪ್ಪನವರ ಒಬ್ಬಳೇ ತಂಗಿ. ತ್ಯಾಮಗೊಂಡ್ಲಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಏಳನೇ ತಿಂಗಳಿಗೆ ತವರಿನಿಂದ ಸೀಮಂತಕ್ಕೆ ಹಸಿರು ಸೀರೆ ಹೋಗಬೇಕೆಂದು ಅಣ್ಣ ಊಟ ನಿದ್ದೆ ಬಿಟ್ಟು ನೇಯ್ದ. ಸೀರೆ ಮಗ್ಗದಿಂದ ಇಳಿದ ದಿನವೇ ಆ ಊರಿನಿಂದ ಆಳು ಬಂದ. ತಾಯಿಯೂ ಇಲ್ಲ, ಹೊಟ್ಟೆಯಲ್ಲಿದ್ದದ್ದೂ ಇಲ್ಲ. ಆಗ ಅಂಬರೀಶ ಮೊಲೆಹಾಲು ಕುಡಿಯುವ ಕೂಸು. ಮನೆಯಲ್ಲಿ ಅವಳ ಹೆಸರು ಎತ್ತಿ ಅತ್ತಾಗಲೆಲ್ಲ ಅವನಿಗೆ ಜ್ವರ ಏರಿತು, ಸುಮ್ಮನಾದರೆ ಇಳಿಯಿತು, ಮತ್ತೆ ಏರಿತು. ಅಲ್ಲಿಂದಾಚೆಗೆ ಈ ಮನೆಯಲ್ಲಿ ಆ ಹೆಸರು ಎತ್ತಲಿಲ್ಲ. ಸೀರೆ ಟ್ರಂಕಿನ ತಳ ಸೇರಿತು. ಮಾರಕ್ಕನ ಗಂಡ ವರ್ಷ ತುಂಬಿದ ಮೇಲೆ ಇನ್ನೊಂದು ಮದುವೆಯಾದ. ಬಂದವಳು ಗಂಗಲಕ್ಷ್ಮಮ್ಮ.

ನೀನು ಆ ಸೀರೆ ತೆಗೆದಾಗ ಬೇಡ ಅನ್ನಬೇಕಿತ್ತು ಎಂದರು ರುಕ್ಮಿಣಮ್ಮ. ಹೋದರೆ ಹೋಗಲಿ, ಗುರುತಿಲ್ಲದ ಯಾರ ಮೈ ಮೇಲಾದರೂ ಇರಲಿ ಅಂದುಕೊಂಡೆ. ಅದು ತಾನೇ ಹುಡುಕಿಕೊಂಡು ಆ ಮನೆಗೇ ಹೊರಟಿತು. ಬರಿದಾಗಿ ಹೇಗೆ ಕಳಿಸಲಿ?

"ಅಂಚೆ ಕಟ್ಟಿ ಮಡ್ಲಕ್ಕಿ ಬಿಡಿಸ್ಕೊಳೋಕೆ ಆಗುತ್ತಾ ಹೇಳು," ಎಂದರು. "ಕೊಂಡ್ಕೊಂಡ್ರೆ ಅದು ಬರೀ ಅಕ್ಕಿ. ಆವಮ್ಮ ವಾಪಸ್ ಕಳ್ಸಿದ್ದು ಸರಿ. ನನಗೇ ಹೊಳೀಲಿಲ್ಲ."

ಹಂಸದ ವಿಷಯ ಆಕೆಗೆ ಹೇಗೆ ಗೊತ್ತು ಎಂದು ಪ್ರಮೋದಾ ಕೇಳಿದಳು. ರುಕ್ಮಿಣಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. ಸೀರೆ ಇಳಿಸಿದ ದಿನ ತಾನೂ ಗಂಡನೂ ಮಾತ್ರ ಅದನ್ನು ಕಂಡಿದ್ದು, ಸೊಸೆಯ ಕೈಗೆ ಬರುವವರೆಗೆ ಮೂರನೆಯವರು ಅದನ್ನು ಬಿಚ್ಚಿಲ್ಲ ಎಂದರು.

ಒಳಗಿನಿಂದ ನಗು ಕೇಳಿಸಿತು. ಪ್ರಮೋದಾ ನುಗ್ಗಿ ಹೋದಳು. ಮಂಚದ ಮೇಲೆ ದಿಂಬುಗಳು ಇಟ್ಟ ಹಾಗೇ ಇದ್ದವು. ಮಗು ಪಡಸಾಲೆಯಲ್ಲಿ, ಮಣೆಯ ಪಕ್ಕದಲ್ಲಿ ಕೂತಿತ್ತು. ಮಂಚದಿಂದ ಇಳಿಯಲು ಅದಕ್ಕೆ ಇನ್ನೂ ಬರುತ್ತಿರಲಿಲ್ಲ. ಬಿದ್ದಿದ್ದರೆ ಅಳಬೇಕಿತ್ತು. ಎತ್ತಿಕೊಂಡು ತಲೆ, ಬೆನ್ನು, ಮಂಡಿ ಎಲ್ಲ ತಡವಿದಳು. ಎಲ್ಲೂ ಪೆಟ್ಟಾಗಿರಲಿಲ್ಲ. ಜ್ವರ ಮಾತ್ರ ಹಾಗೇ ಇತ್ತು.

ಮಗುವನ್ನು ಅತ್ತೆಯ ಕೈಗೆ ಕೊಟ್ಟು ಅವಳು ಫೋನಿನ ಮುಂದೆ ಕೂತಳು. ಮಗ್ಗಗಳು ಓಡುತ್ತಿದ್ದರೆ ಆ ಪಡಸಾಲೆಯಲ್ಲಿ ಯಾರ ಮಾತೂ ಕೇಳುವುದಿಲ್ಲ. ಮಾಡುವುದಾದರೆ ಈಗಲೇ ಮಾಡಬೇಕು. ಡಯಲಿಗೆ ಹಾಕಿದ್ದ ಬೀಗದ ಕೀಲಿಯನ್ನು ರುಕ್ಮಿಣಮ್ಮ ಸೊಂಟದಿಂದ ತೆಗೆದು ತಾವೇ ಚಾಚಿದರು. ಎರಡು ಸಲ ತಪ್ಪು ನಂಬರು ತಿರುಗಿತು. ಆಮೇಲೆ ಆ ಕಡೆ ಗಂಟೆ ಬಡಿಯತೊಡಗಿತು. ಎತ್ತದಿರಲಿ ಎಂದು ಮನಸ್ಸು ಒಂದು ಕಡೆ ಹಾರೈಸುತ್ತಲೇ ಇತ್ತು.

ಎತ್ತಿದರು. ಗಂಡಸಿನ ದನಿ, ಹಿಂದೆ ತೆಂಗಿನಕಾಯಿ ರಾಶಿ ಹಾಕುವ ದಡಬಡ. ಗಂಗಲಕ್ಷ್ಮಮ್ಮನವರನ್ನು ಸ್ವಲ್ಪ ಕರೆಯುತ್ತೀರಾ, ನಾನು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುತ್ತೇನೆ ಎಂದಳು ಪ್ರಮೋದಾ.

"ಕರೆಯೋದೇನ್ ಬಂತಮ್ಮ, ಇಲ್ಲೇ ಅವ್ರೆ," ಎಂದ ಮುನಿಸ್ವಾಮಿ. "ಬೆಳಗ್ಗಿಂದ ಮೂಟೆ ಮೇಲೆ ಕೂತವ್ರೆ, ದೊಡ್ಡಬಳ್ಳಾಪುರದಿಂದ ಫೋನ್ ಬತ್ತದೆ ಅಂತ. ತಗೊಳ್ಳಿ."

ಫೋನು ಕೈ ಬದಲಾಯಿತು. ಉಸಿರು ಕೇಳಿಸಿತು. ಪ್ರಮೋದಾ ಯೋಚಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ನಾನು ಸೀರೆಯವಳು, ಅಂಚೆ ಬಗ್ಗೆ ಜೋರಾಗಿ ಬರೆದದ್ದು ತಪ್ಪಾಯಿತು, ಅಕ್ಕಿಯ ಅಂಚೆ ನಮ್ಮದು, ಸೀರೆಯದೂ ನಮ್ಮದೇ, ಸೀರೆಗೂ ಏನೂ ಬೇಡ, ನೀವು ತೆಗೆದುಕೊಂಡರೆ ಸಾಕು, ನನ್ನ ಮಗುವಿಗೆ ಜ್ವರ ಬಿಡುತ್ತಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

"ಅಕ್ಕಿ ಹಾಕಿದ್ದು ಯಾರ ಕೈ?" ಎಂದಿತು ಆ ದನಿ. ವಯಸ್ಸಾದ, ಸಮಾಧಾನದ ದನಿ.

ಪ್ರಮೋದಾ ಅತ್ತೆಯ ಕಡೆ ನೋಡಿದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಬರಿದಾದ ಹಣೆಯನ್ನು ಅದರ ಬೆನ್ನಿಗೆ ಒತ್ತಿಕೊಂಡು ಅವರು ನಿಂತಿದ್ದರು. ನಾನೇ ಹಾಕಿದೆ ಎನ್ನುವುದು ಸುಲಭ. ತಾನು ಮುತ್ತೈದೆ, ಕೂಸಿನ ತಾಯಿ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ನಮ್ಮತ್ತೆ," ಎಂದಳು. "ನಮ್ಮ ಮಾವ ಇಲ್ಲ."

"ಗೊತ್ತು ಕಣಮ್ಮ. ಹೋದವಳಿಗೆ ತವರು ಅಂತ ಉಳಿದಿರೋದು ಆ ಕೈ ಒಂದೇ. ನನ್ನ ಮಗಳಿಗೆ ಈಗ ಏಳು ತಿಂಗಳು ತುಂಬ್ತು. ಹಿಂದಿನ ಎರಡು ಬಸುರು ನಿಲ್ಲಲಿಲ್ಲ. ಮೊದಲು ಆ ಹೋದವಳ ಮಡ್ಲು ತುಂಬಬೇಕು, ಆಮೇಲೆ ನನ್ನ ಮಗಳದು. ಅಂಚೇಲೇ ಹಾಕು, ನೀವ್ಯಾರೂ ಬರಬೇಡಿ. ಆದ್ರೆ ಈ ಸಲ ನನ್ನ ಹೆಸರಿಗೆ ಬರೀಬೇಡ."

"ಮತ್ತೆ ಯಾರ ಹೆಸರಿಗೆ ಬರೀಲಿ?" ಎಂದಳು ಪ್ರಮೋದಾ, ಗೊತ್ತಿದ್ದೂ.

"ಅವಳ ಹೆಸರಿಗೇ ಬರಿ. ನಿಮ್ಮ ಮನೇಲಿ ಕೂತು ಕೂತು ಅವಳಿಗೂ ಸಾಕಾಗಿದೆ. ಸೈನು ನಾನು ಹಾಕ್ತೀನಿ."

ಪ್ರಮೋದಾ ಮೂಲೆಯ ಮಣೆಯ ಕಡೆ ತಿರುಗಲಿಲ್ಲ. ರಿಸೀವರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಆಗಲಿ ಅಮ್ಮ, ನಾಲ್ಕು ಗಂಟೆಯ ಟಪಾಲಿಗೇ ಹಾಕುತ್ತೇನೆ ಎಂದಳು.